ಪೈಥಾನ್ ಹೊಸ ವರ್ಷನ್‌ಗೆ ಈಗಲೇ ಹೋಗಬೇಕಾ, ಕಾಯಬೇಕಾ? ಹಂತ ಹಂತವಾಗಿ ನಿರ್ಧರಿಸುವ ಬಗೆ

ಈಗ ಕೆಲವು ವರ್ಷಗಳಿಂದ ಪ್ರತಿ ಅಕ್ಟೋಬರ್‌ನಲ್ಲಿ ಪೈಥಾನ್‌ನ ಒಂದು ಹೊಸ ವರ್ಷನ್ ಬರುತ್ತಿದೆ. 2023ರಲ್ಲಿ 3.12, 2024ರಲ್ಲಿ 3.13, 2025ರಲ್ಲಿ 3.14. ಬಂದ ವಾರವೇ ಟೀಮಿನಲ್ಲಿ ಒಬ್ಬರು "ಹೋಗೋಣ" ಅನ್ನುತ್ತಾರೆ, ಇನ್ನೊಬ್ಬರು "ಸರಿಯಾಗಿ ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಮಾತು ಶುರು ಮಾಡುವ ಮೊದಲು ಇಬ್ಬರೂ ಎರಡು ವಿಷಯ ನೋಡಿಕೊಂಡಿರಬೇಕು: ಈಗಿರುವ ವರ್ಷನ್‌ಗೆ ಇನ್ನು ಎಷ್ಟು ಕಾಲ ಉಳಿದಿದೆ, ಮತ್ತು ನಾವು ನಂಬಿಕೊಂಡಿರುವ ಲೈಬ್ರರಿಗಳು ಹೊಸದಕ್ಕೆ ತಯಾರಾಗಿವೆಯಾ. ನನ್ನ ಪ್ರಕಾರ ನಿರ್ಧಾರದ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ. ಹೊಸ ಫೀಚರ್‌ಗಳ ಮಾತು ಆಮೇಲೆ.

ಹೊಸದಾಗಿ ಪ್ರಾಜೆಕ್ಟ್ ಶುರು ಮಾಡುವವರಿಗೆ ಈ ತಲೆನೋವು ಇಲ್ಲ. ಇದನ್ನು ಬರೆಯುತ್ತಿರುವುದು ಈಗಾಗಲೇ ಓಡುತ್ತಿರುವ, ಜನ ಬಳಸುತ್ತಿರುವ, ಕೆಟ್ಟರೆ ಯಾರಾದರೂ ಫೋನ್ ಮಾಡುವಂಥ ಕೋಡ್ ಇಟ್ಟುಕೊಂಡವರಿಗೆ.

ಹಂತ 1: ನಿಜವಾಗಿ ಓಡುತ್ತಿರುವುದು ಯಾವುದು?

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವ ವರ್ಷನ್ ಇಲ್ಲಿ ಲೆಕ್ಕಕ್ಕಿಲ್ಲ. ಪ್ರೊಡಕ್ಷನ್ ಸರ್ವರ್‌ನಲ್ಲಿ ಇರುವುದು ಬೇಕು. ರಾತ್ರಿ ಓಡುವ ಕ್ರಾನ್ ಕೆಲಸಗಳು, ಡಾಕರ್ ಇಮೇಜ್‌ಗಳು, ಸಿಐ (ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ), ಡೇಟಾ ಟೀಮಿನವರ ನೋಟ್‌ಬುಕ್‌ಗಳು, ಯಾರೋ ಬರೆದಿಟ್ಟು ಕೆಲಸ ಬಿಟ್ಟು ಹೋದ ಅಮೆಜಾನ್ ಕ್ಲೌಡ್‌ನ ಲ್ಯಾಂಬ್ಡಾ ಫಂಕ್ಷನ್‌ಗಳು, ಎಲ್ಲವನ್ನೂ ಒಂದು ಕಡೆ ಪಟ್ಟಿ ಮಾಡಿ, ಪ್ರತಿಯೊಂದರ ಪಕ್ಕ ವರ್ಷನ್ ಬರೆಯಿರಿ. ಒಂದೇ ಕಂಪನಿಯಲ್ಲಿ ಮೂರು ನಾಲ್ಕು ಬೇರೆ ಬೇರೆ ವರ್ಷನ್ ಸಿಗುವುದು ತೀರಾ ಮಾಮೂಲು. ನಿರ್ಧಾರವನ್ನು ಪ್ರತಿಯೊಂದಕ್ಕೂ ಬೇರೆಯಾಗಿಯೇ ತೆಗೆದುಕೊಳ್ಳಬಹುದು, ಎಲ್ಲವನ್ನೂ ಒಟ್ಟಿಗೆ ಎತ್ತಬೇಕು ಅಂತೇನಿಲ್ಲ.

ಹಂತ 2: ಕ್ಯಾಲೆಂಡರ್ ತೆಗೆಯಿರಿ

ಪೈಥಾನ್‌ನ ಪ್ರತಿ ವರ್ಷನ್‌ಗೆ ಸುಮಾರು 5 ವರ್ಷದ ಆಯಸ್ಸು. ಮೊದಲ ಒಂದೂವರೆ ವರ್ಷ ಎಲ್ಲ ಬಗೆಯ ಬಗ್ ಸರಿಪಡಿಸುತ್ತಾರೆ. 3.13ರಿಂದ ಈ ಅವಧಿಯನ್ನು 2 ವರ್ಷಕ್ಕೆ ಏರಿಸಿದ್ದಾರೆ. ಉಳಿದ ಕಾಲ ಸೆಕ್ಯೂರಿಟಿ ತೊಂದರೆಗಳಿಗೆ ಮಾತ್ರ ಪ್ಯಾಚ್. ಇದರ ಪ್ರಕಾರ 3.8 ಮುಗಿದದ್ದು 2024ರ ಅಕ್ಟೋಬರ್‌ನಲ್ಲಿ, 3.9 ಮುಗಿದದ್ದು 2025ರ ಅಕ್ಟೋಬರ್‌ನಲ್ಲಿ. 3.10ಕ್ಕೆ 2026ರ ಅಕ್ಟೋಬರ್ ಕೊನೆ, 3.11ಕ್ಕೆ 2027, 3.12ಕ್ಕೆ 2028, 3.13ಕ್ಕೆ 2029, 3.14ಕ್ಕೆ 2030.

ಸೆಕ್ಯೂರಿಟಿ ಹಂತಕ್ಕೆ ಹೋದ ಮೇಲೆ ಇನ್ನೊಂದು ಬದಲಾವಣೆ ಆಗುತ್ತದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಆಮೇಲಿನ ರಿಲೀಸ್‌ಗಳು ಸೋರ್ಸ್ ಕೋಡ್ ರೂಪದಲ್ಲಿ ಮಾತ್ರ ಬರುತ್ತವೆ, ವಿಂಡೋಸ್ ಮತ್ತು ಮ್ಯಾಕ್‌ಗೆ ಪೈಥಾನ್ ತಂಡದಿಂದ ಇನ್‌ಸ್ಟಾಲರ್ ಬರುವುದಿಲ್ಲ. 3.11ಕ್ಕೆ ಇನ್‌ಸ್ಟಾಲರ್ ಬಂದ ಕೊನೆಯ ರಿಲೀಸ್ 3.11.9, 3.12ಕ್ಕೆ 3.12.10. ನಿಮ್ಮ ಕಂಪನಿಯಲ್ಲಿ ವಿಂಡೋಸ್ ಯಂತ್ರಗಳ ಮೇಲೆ ಇನ್‌ಸ್ಟಾಲರ್ ಬಳಸಿಯೇ ಪೈಥಾನ್ ಹಾಕುತ್ತಿದ್ದರೆ, ಕಾಗದದ ಮೇಲೆ ಇನ್ನೂ ಮೂರು ವರ್ಷ ಇದೆ ಅನ್ನಿಸಿದರೂ ಆ ಯಂತ್ರಗಳಿಗೆ ಪ್ಯಾಚ್ ಬರುವುದು ಆಗಲೇ ನಿಂತಿರುತ್ತದೆ.

ಆಯಸ್ಸು ಮುಗಿದ ದಿನ ಏನಾಗುತ್ತದೆ? ಏನೂ ಆಗುವುದಿಲ್ಲ. ಸರ್ವರ್ ಹಾಗೇ ಓಡುತ್ತದೆ, ಅದಕ್ಕೇ ಜನ ಸುಮ್ನೆ ಇದ್ದುಬಿಡುತ್ತಾರೆ. ತೊಂದರೆ ಬರುವುದು ಲೈಬ್ರರಿಗಳ ಕಡೆಯಿಂದ, ಅದೂ ಸದ್ದಿಲ್ಲದೆ. ಪ್ರತಿ ಲೈಬ್ರರಿ ತನಗೆ ಕನಿಷ್ಠ ಯಾವ ಪೈಥಾನ್ ಬೇಕು ಅಂತ ಹೇಳಿಕೊಂಡಿರುತ್ತದೆ. ನಿಮ್ಮ ಪೈಥಾನ್ ಹಳೆಯದಾದರೆ, ಲೈಬ್ರರಿಗಳನ್ನು ತಂದು ಹಾಕುವ ಪಿಪ್ ಜಗಳ ಮಾಡುವುದಿಲ್ಲ, ನಿಮಗೆ ಹೊಂದುವ ಹಳೆಯ ಲೈಬ್ರರಿಯನ್ನೇ ಹುಡುಕಿ ಹಾಕುತ್ತದೆ. ನೀವು ಲೇಟೆಸ್ಟ್ ಹಾಕಿದ್ದೇನೆ ಅಂದುಕೊಂಡಿರುತ್ತೀರಿ. ಉದಾಹರಣೆಗೆ ವೆಬ್ ಆಪ್ ಕಟ್ಟುವ ಫ್ರೇಮ್‌ವರ್ಕ್ ಜ್ಯಾಂಗೊ ನೋಡಿ: ಜ್ಯಾಂಗೊ 5.0ಕ್ಕೆ ಪೈಥಾನ್ 3.10 ಕನಿಷ್ಠ. ಅಂದರೆ 3.9 ಮೇಲೆ ಇರುವವರಿಗೆ ಸಿಗುವ ಕೊನೆಯ ಜ್ಯಾಂಗೊ 4.2, ಅದರ ಸೆಕ್ಯೂರಿಟಿ ಪ್ಯಾಚ್‌ಗಳ ಗಡುವು 2026ರ ಏಪ್ರಿಲ್. ಪೈಥಾನ್‌ನ ಗಡುವಿನ ಬೆನ್ನಿಗೇ ಫ್ರೇಮ್‌ವರ್ಕ್‌ನ ಗಡುವೂ ಬರುತ್ತದೆ. ನಂಪೈ ಥರದ ವಿಜ್ಞಾನದ ಲೈಬ್ರರಿಗಳು ಇನ್ನೂ ಬೇಗ ಕೈಬಿಡುತ್ತವೆ. ಪೈಥಾನ್ ವರ್ಷನ್ ಬಂದು 3 ವರ್ಷ ಆದ ಮೇಲೆ ಅದನ್ನು ಬಿಡುವುದು ಅವರ ಒಪ್ಪಿತ ಪದ್ಧತಿ. ಹಾಗಾಗಿ ಡೇಟಾ ಕೆಲಸ ಮಾಡುವವರು 5 ವರ್ಷದ ಲೆಕ್ಕ ಬಿಟ್ಟು 3 ವರ್ಷದ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ನಾನು ಹಾಕಿಕೊಂಡಿರುವ ಗೆರೆ ಇಷ್ಟು. ಎರಡು ವರ್ಷಕ್ಕಿಂತ ಜಾಸ್ತಿ ಉಳಿದಿದ್ದರೆ ಅವಸರ ಇಲ್ಲ, ಲಾಭ ಕಂಡರೆ ಮಾತ್ರ ಹೋಗಿ. ಒಂದರಿಂದ ಎರಡು ವರ್ಷ ಇದ್ದರೆ ಈ ವರ್ಷದ ಪ್ಲ್ಯಾನ್‌ನಲ್ಲಿ ಜಾಗ ಕೊಡಿ. ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಹೋಗಬೇಕಾ ಅನ್ನುವ ಪ್ರಶ್ನೆಯೇ ಇಲ್ಲ, ಯಾವತ್ತು ಅನ್ನುವುದಷ್ಟೇ ಪ್ರಶ್ನೆ.

ಹಂತ 3: ನಿಮ್ಮ ಪೈಥಾನ್ ಕೊಡುತ್ತಿರುವವರು ಯಾರು?

ಮೇಲಿನ ತಾರೀಕುಗಳು ಪೈಥಾನ್ ತಂಡ ಹೇಳಿರುವವು. ಪೈಥಾನ್ ಲಿನಕ್ಸ್ ಡಿಸ್ಟ್ರೋದಿಂದ ಬಂದಿದ್ದರೆ ಲೆಕ್ಕ ಬೇರೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರ ಜೊತೆ ಬರುವುದು 3.9, ಆದರೆ ಆ ಲಿನಕ್ಸ್‌ನ ಆಯಸ್ಸು 2032ರವರೆಗೆ ಇದೆ ಮತ್ತು ಅಲ್ಲಿಯವರೆಗೆ ಅದಕ್ಕೆ ಪ್ಯಾಚ್ ಹಾಕುವ ಹೊಣೆ ರೆಡ್ ಹ್ಯಾಟ್‌ನದು. ಉಬುಂಟು 22.04ರಲ್ಲಿ 3.10, 24.04ರಲ್ಲಿ 3.12. ಡೆಬಿಯನ್ 12ರಲ್ಲಿ 3.11, ಡೆಬಿಯನ್ 13ರಲ್ಲಿ 3.13. ಇಲ್ಲಿ ಪೈಥಾನ್‌ನ ಸೆಕ್ಯೂರಿಟಿ ಪ್ಯಾಚ್ ಸಿಗುತ್ತದೆ ಅನ್ನುವುದು ನಿಜ. ಆದರೆ ನೀವು ಪಿಪ್‌ನಿಂದ ಎಳೆದುಕೊಳ್ಳುವ ಲೈಬ್ರರಿಗಳಿಗೆ ಆ ಭರವಸೆ ಇಲ್ಲ. ಅವು ತಮ್ಮ ಪಾಡಿಗೆ 3.9 ಬಿಟ್ಟು ಮುಂದೆ ಹೋಗುತ್ತವೆ.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಸಿಸ್ಟಮ್‌ನ ಪೈಥಾನ್ ಅನ್ನು ಮಾತ್ರ ಬದಲಾಯಿಸಬೇಡಿ. ಉಬುಂಟುವಿನಲ್ಲಿ ಪೈಥಾನ್3 ಅನ್ನುವ ಲಿಂಕ್ ಅನ್ನು ಹೊಸ ವರ್ಷನ್ ಕಡೆ ತಿರುಗಿಸಿದರೆ, ಆ ಪೈಥಾನ್ ನಂಬಿಕೊಂಡಿರುವ ಸಿಸ್ಟಮ್‌ನ ಸ್ವಂತ ಪ್ರೋಗ್ರಾಮ್‌ಗಳು, ಕೆಲವೊಮ್ಮೆ ಟರ್ಮಿನಲ್ ಕೂಡ, ಕೈಕೊಡುತ್ತವೆ. ಹೊಸದನ್ನು ಪಕ್ಕದಲ್ಲಿ ಹಾಕಿಕೊಳ್ಳಿ. ಪೈಎನ್ವ್ ಇದೆ, ಯುವಿ ಇದೆ, ಕಾಂಡಾ ಇದೆ, ಡಾಕರ್ ಇದೆ. ಪೈಎನ್ವ್ ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ, ಯುವಿ ಮೊದಲೇ ಕಂಪೈಲ್ ಆಗಿರುವುದನ್ನು ತಂದುಕೊಡುತ್ತದೆ. ಸುಮ್ನೆ ಪ್ರಯೋಗಕ್ಕೆ ಅಂದರೆ ಯುವಿ ಸಲೀಸು.

ಕ್ಲೌಡ್‌ನಲ್ಲಿ ಇದ್ದರೆ ಅವರ ಗಡುವೇ ನಿಮ್ಮ ಗಡುವು. ಲ್ಯಾಂಬ್ಡಾದಂಥ ಸೇವೆಗಳು ಹಳೆಯ ರನ್‌ಟೈಮ್ ನಿಲ್ಲಿಸುವ ತಾರೀಕು ಮೊದಲೇ ಪ್ರಕಟಿಸುತ್ತವೆ. ಓಡುತ್ತಿರುವುದು ಓಡುತ್ತಿರುತ್ತದೆ, ಆದರೆ ಸ್ವಲ್ಪ ಕಾಲದ ನಂತರ ಅದಕ್ಕೆ ಹೊಸ ಕೋಡ್ ಹಾಕಲು ಬಿಡುವುದಿಲ್ಲ. ತುರ್ತಾಗಿ ಒಂದು ಬಗ್ ಸರಿಮಾಡಬೇಕಾದ ದಿನ ಈ ಗೋಡೆ ಎದುರಾದರೆ ಬಹಳ ಕಷ್ಟ. ಜೊತೆಗೆ ಲ್ಯಾಂಬ್ಡಾದಲ್ಲಿ 3.11ರಿಂದ 3.12ಕ್ಕೆ ಹೋಗುವಾಗ ಕೆಳಗಿನ ಲಿನಕ್ಸೇ ಅಮೆಜಾನ್ ಲಿನಕ್ಸ್ 2ರಿಂದ ಅಮೆಜಾನ್ ಲಿನಕ್ಸ್ 2023ಕ್ಕೆ ಬದಲಾಗುತ್ತದೆ, ಹಾಗಾಗಿ ನೀವೇ ಕಟ್ಟಿಕೊಂಡಿರುವ ಸಿ ಲೈಬ್ರರಿಗಳಿದ್ದರೆ ಅವನ್ನು ಮತ್ತೆ ಕಟ್ಟಬೇಕು. ಡಾಕರ್‌ನಲ್ಲೂ ಇದೇ ಕಥೆ: ಪೈಥಾನ್ ಇಮೇಜ್ ಬದಲಾಯಿಸುವಾಗ ಒಳಗಿನ ಡೆಬಿಯನ್ ಯಾವುದು ಅಂತ ಟ್ಯಾಗ್‌ನಲ್ಲೇ ಬರೆದುಬಿಡಿ. ಇಲ್ಲದಿದ್ದರೆ ಎರಡು ಬದಲಾವಣೆ ಒಟ್ಟಿಗೆ ಬಂದು, ಯಾವುದರಿಂದ ಕೆಟ್ಟಿತು ಅನ್ನುವುದೇ ಗೊತ್ತಾಗುವುದಿಲ್ಲ.

ಹಂತ 4: ಹೋದರೆ ಸಿಗುವುದೇನು?

ಇದರ ಬಗ್ಗೆ ಪ್ರಾಮಾಣಿಕವಾಗಿರಿ. ವೇಗದ ವಿಷಯದಲ್ಲಿ ದೊಡ್ಡ ಜಿಗಿತ ಬಂದದ್ದು 3.11ರಲ್ಲಿ. 3.10ಕ್ಕೆ ಹೋಲಿಸಿದರೆ ಸರಾಸರಿ 1.25 ಪಟ್ಟು ವೇಗ, ಕೆಲಸದ ಮೇಲೆ 10ರಿಂದ 60 ಶೇಕಡಾ ತನಕ, ಇದು ಪೈಥಾನ್ ತಂಡದ್ದೇ ಬೆಂಚ್‌ಮಾರ್ಕ್‌ನ ಅಂಕಿ. ನೀವು 3.10 ಅಥವಾ ಅದಕ್ಕಿಂತ ಹಿಂದೆ ಇದ್ದರೆ ಇದು ಕೋಡ್ ಮುಟ್ಟದೆ ಸಿಗುವ ಲಾಭ. ಆದರೆ ನಿಮ್ಮ ವೆಬ್ ಆಪ್ ಹೆಚ್ಚು ಹೊತ್ತು ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಿದ್ದರೆ ಬಳಕೆದಾರರಿಗೆ ವ್ಯತ್ಯಾಸ ಕಾಣುವುದಿಲ್ಲ. ಲೆಕ್ಕವೆಲ್ಲ ನಂಪೈ ಒಳಗೆ ನಡೆಯುತ್ತಿದ್ದರೂ ಅಷ್ಟೇ, ಅದು ಮೊದಲೇ ಸಿ ಕೋಡ್. ಪೈಥಾನ್ ಲೂಪ್‌ಗಳಲ್ಲೇ ಒದ್ದಾಡುವ ಕೋಡ್‌ಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಬೇರೆಯವರ ಬೆಂಚ್‌ಮಾರ್ಕ್ ನಂಬಬೇಡಿ, ನಿಮ್ಮದೇ ಅತಿ ನಿಧಾನದ ಎರಡು ಕೆಲಸಗಳನ್ನು ಎರಡೂ ವರ್ಷನ್‌ನಲ್ಲಿ ಓಡಿಸಿ ನೋಡಿ.

ಎರರ್ ಮೆಸೇಜ್‌ಗಳು 3.10ರಿಂದ ಸುಧಾರಿಸುತ್ತಾ ಬಂದಿವೆ. 3.11ರಿಂದ ಒಂದು ಸಾಲಿನ ಯಾವ ಭಾಗದಲ್ಲಿ ತಪ್ಪಾಯಿತು ಅಂತ ಬೊಟ್ಟು ಮಾಡಿ ತೋರಿಸುತ್ತದೆ. ಇದನ್ನು ಸಣ್ಣದು ಅಂತ ತಳ್ಳಬೇಡಿ. ಲಾಗ್ ನೋಡಿ ಕಾರಣ ಹುಡುಕುವುದೇ ಕೆಲಸವಾಗಿರುವ ಟೀಮಿಗೆ ದಿನವೂ ಉಳಿತಾಯ.

3.9ರಿಂದ ಝೋನ್‌ಇನ್ಫೋ ಅನ್ನುವ ಟೈಮ್‌ಝೋನ್ ಮಾಡ್ಯೂಲ್ ಪೈಥಾನ್ ಒಳಗೇ ಬಂದಿದೆ. ಭಾರತದ ಸಮಯದ ಜೊತೆ ಕೆಲಸ ಮಾಡುವವರಿಗೆ ಇದು ಮುಖ್ಯ. ಹಳೆಯ ಪೈಟಿಝೆಡ್ ಲೈಬ್ರರಿ ಬಳಸಿ, ಏಷ್ಯಾ ಕೋಲ್ಕತಾ ಝೋನ್ ಅನ್ನು ನೇರವಾಗಿ ಡೇಟ್‌ಟೈಮ್‌ಗೆ ಕೊಟ್ಟರೆ 5 ಗಂಟೆ 30 ನಿಮಿಷದ ಬದಲು 5 ಗಂಟೆ 53 ನಿಮಿಷ ಬರುತ್ತದೆ, ಅದು ಸ್ಟ್ಯಾಂಡರ್ಡ್ ಟೈಮ್ ಬರುವ ಮುಂಚಿನ ಸ್ಥಳೀಯ ಸಮಯ. ಝೋನ್‌ಇನ್ಫೋದಲ್ಲಿ ಈ ತೊಂದರೆ ಇಲ್ಲ.

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಒಂದೆರಡು ಮಾತು. ಪ್ರತಿ ಪೈಥಾನ್ ವರ್ಷನ್ ತನ್ನೊಳಗೆ ಯೂನಿಕೋಡ್‌ನ ಒಂದು ನಿರ್ದಿಷ್ಟ ವರ್ಷನ್ ಇಟ್ಟುಕೊಂಡಿರುತ್ತದೆ. ಹಳೆಯ ಬರಹಗಳಲ್ಲಿ ಬರುವ ನಕಾರ ಪೊಲ್ಲು (ಸ್ವರವಿಲ್ಲದ ನ್ ಬರೆಯುವ ಹಳೆಯ ಅಕ್ಷರ) ಯೂನಿಕೋಡ್ 14ರಲ್ಲಿ ಸೇರಿತು. ಪೈಥಾನ್ 3.10ರಲ್ಲಿ ಇರುವುದು ಯೂನಿಕೋಡ್ 13, ಹಾಗಾಗಿ ಅದಕ್ಕೆ ಇದು ಅಕ್ಷರ ಅಂತಲೇ ಗೊತ್ತಿಲ್ಲ, 3.11ಕ್ಕೆ ಗೊತ್ತು. ಹಳಗನ್ನಡದ ಹಸ್ತಪ್ರತಿಗಳನ್ನು ಡಿಜಿಟಲ್ ಮಾಡುವವರು ಇದನ್ನು ನೋಡಿಕೊಳ್ಳಿ. ಆದರೆ ಪಠ್ಯದಲ್ಲಿ ಮಾದರಿ ಹುಡುಕುವ ರೆಗೆಕ್ಸ್‌ನಲ್ಲಿ ಕನ್ನಡದ ಪದಗಳು ಕಾಗುಣಿತದ ಚಿಹ್ನೆ ಬಂದ ಕಡೆ ತುಂಡಾಗುವ ಹಳೆಯ ತೊಂದರೆ ಇದೆಯಲ್ಲ, ಅದು ಅಪ್‌ಗ್ರೇಡ್‌ನಿಂದ ಸರಿಹೋಗುವುದಿಲ್ಲ. ಪೈಥಾನ್ ಜೊತೆ ಬರುವ ಆರ್‌ಇ ಮಾಡ್ಯೂಲ್ ಸ್ವರಚಿಹ್ನೆಗಳನ್ನು ಪದದ ಭಾಗ ಅಂತ ಎಣಿಸುವುದೇ ಇಲ್ಲ. ಅದಕ್ಕೆ ರೆಗೆಕ್ಸ್ (regex) ಅನ್ನುವ ಹೆಸರಿನದೇ ಬೇರೆ ಲೈಬ್ರರಿ ಹಾಕಿಕೊಳ್ಳಬೇಕು.

ಇನ್ನು ಜಿಐಎಲ್ (ಒಂದು ಹೊತ್ತಿಗೆ ಒಂದೇ ಥ್ರೆಡ್‌ಗೆ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಇಲ್ಲದ ಪೈಥಾನ್. 3.13ರಲ್ಲಿ ಪ್ರಯೋಗಕ್ಕೆ ಅಂತ ಬಂತು, 3.14ರಲ್ಲಿ ಅಧಿಕೃತ ಬೆಂಬಲ ಸಿಕ್ಕಿತು. ಆದರೂ ಅದು ಬೇರೆಯದೇ ಬಿಲ್ಡ್, ಮಾಮೂಲಿ ಇನ್‌ಸ್ಟಾಲ್‌ನಲ್ಲಿ ತಾನಾಗಿ ಬರುವುದಿಲ್ಲ. ಅದೊಂದೇ ಕಾರಣಕ್ಕೆ ಪ್ರೊಡಕ್ಷನ್ ಎತ್ತುವುದನ್ನು ನಾನು ಈಗ ಹೇಳುವುದಿಲ್ಲ.

ಹಂತ 5: ಲೈಬ್ರರಿಗಳನ್ನು ಒಂದೊಂದಾಗಿ ನೋಡಿ

ಅಪ್‌ಗ್ರೇಡ್ ಕೈಗೂಡುತ್ತದಾ ಇಲ್ಲವಾ ಅನ್ನುವುದು ಇಲ್ಲಿ ಗೊತ್ತಾಗುತ್ತದೆ, ಹಾಗಾಗಿ ಇಲ್ಲಿ ಸಮಯ ಹಾಕಿ.

ಲೈಬ್ರರಿಗಳಲ್ಲಿ ಎರಡು ಬಗೆ. ಪೂರ್ತಿ ಪೈಥಾನ್‌ನಲ್ಲೇ ಬರೆದವು ಸಾಮಾನ್ಯವಾಗಿ ಹೊಸ ವರ್ಷನ್‌ನಲ್ಲೂ ನಡೆಯುತ್ತವೆ. ಒಳಗೆ ಸಿ, ಸಿ++ ಅಥವಾ ರಸ್ಟ್ ಇರುವವಕ್ಕೆ ಪ್ರತಿ ಪೈಥಾನ್ ವರ್ಷನ್‌ಗೂ ಬೇರೆ ವೀಲ್ ಬೇಕು, ಅಂದರೆ ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್. ಕೆಲವು ಲೈಬ್ರರಿಗಳು ಒಂದೇ ವೀಲ್ ಹಲವು ವರ್ಷನ್‌ಗೆ ಹೊಂದುವ ಹಾಗೆ ಮಾಡಿರುತ್ತವೆ, ಆದರೆ ಎಲ್ಲವೂ ಹಾಗಲ್ಲ. ನಿಮ್ಮ ಪೈಥಾನ್‌ಗೆ ವೀಲ್ ಇಲ್ಲದಿದ್ದರೆ ಪಿಪ್ ಸೋರ್ಸ್ ತಂದು ಅಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ, ಕಂಪೈಲರ್ ಇಲ್ಲದೆ ಪುಟಗಟ್ಟಲೆ ಎರರ್ ಬರುತ್ತದೆ. ಅಕ್ಟೋಬರ್‌ನಲ್ಲಿ ಹೊಸ ಪೈಥಾನ್ ಬಂದ ಕೂಡಲೇ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ.

ಪರೀಕ್ಷೆ ಸರಳ. ಹೊಸ ಪೈಥಾನ್‌ನಲ್ಲಿ ಒಂದು ಖಾಲಿ ಎನ್ವಿರಾನ್‌ಮೆಂಟ್ ಮಾಡಿ, ಅದರಲ್ಲಿ ನಿಮ್ಮ ರಿಕ್ವೈರ್‌ಮೆಂಟ್ಸ್ ಫೈಲ್ ಇನ್‌ಸ್ಟಾಲ್ ಮಾಡುವಾಗ ಪಿಪ್‌ಗೆ ಬೈನರಿ ಮಾತ್ರ ಸಾಕು, ಸೋರ್ಸ್ ಬೇಡ ಅನ್ನುವ ಆಯ್ಕೆ ಕೊಡಿ. ಎಲ್ಲಿ ನಿಲ್ಲುತ್ತದೋ ಅದೇ ಅಡ್ಡಿಯಾಗಿರುವ ಲೈಬ್ರರಿ. ಅದನ್ನು ಪಟ್ಟಿಗೆ ಬರೆದು, ಅದರ ವರ್ಷನ್ ಸ್ವಲ್ಪ ಏರಿಸಿ, ಮತ್ತೆ ಓಡಿಸಿ. ಕೊನೆಗೆ ಪಿಪ್ ಚೆಕ್ ಓಡಿಸಿದರೆ ಒಂದಕ್ಕೊಂದು ಹೊಂದದವು ಗೊತ್ತಾಗುತ್ತವೆ. ಇದನ್ನು ಪ್ರೊಡಕ್ಷನ್ ಥರದ ಲಿನಕ್ಸ್ ಮೇಲೆಯೇ ಮಾಡಿ. ಮ್ಯಾಕ್‌ನಲ್ಲಿ ವೀಲ್ ಸಿಕ್ಕಿತು ಅಂದರೆ ಆಲ್ಪೈನ್ ಇಮೇಜ್‌ನಲ್ಲೂ ಸಿಗುತ್ತದೆ ಅಂತಲ್ಲ, ಅದರ ಸಿ ಲೈಬ್ರರಿಯೇ ಬೇರೆ.

ಇಲ್ಲಿ ಒಂದು ಎಳೆದರೆ ಇನ್ನೊಂದು ಬರುತ್ತದೆ. 3.12ಕ್ಕೆ ಹೋಗಬೇಕು ಅಂದರೆ ನಂಪೈ ಕನಿಷ್ಠ 1.26 ಬೇಕು. ನಂಪೈ ಏರಿದರೆ ಪಾಂಡಾಸ್, ಸೈಕಿಟ್ ಲರ್ನ್ ಏರಬೇಕಾಗುತ್ತದೆ. ಸೈಕಿಟ್ ಲರ್ನ್ ಏರಿದರೆ ಹಿಂದೆ ಪಿಕಲ್ ಮಾಡಿಟ್ಟ (ಪೈಥಾನ್‌ನದೇ ರೂಪದಲ್ಲಿ ಫೈಲ್‌ಗೆ ಉಳಿಸಿದ) ಮಾಡೆಲ್ ಫೈಲ್‌ಗಳು ಹೊಸದರಲ್ಲಿ ಸರಿಯಾಗಿ ತೆರೆಯುತ್ತವೆ ಅನ್ನುವ ಖಾತ್ರಿ ಇಲ್ಲ, ಮತ್ತೆ ತರಬೇತಿ ಕೊಡಬೇಕಾಗಬಹುದು. ಅಂದರೆ ಪೈಥಾನ್ ಅಪ್‌ಗ್ರೇಡ್ ಅಂತ ಶುರುವಾದದ್ದು ಮಾಡೆಲ್ ತರಬೇತಿಯ ಬಜೆಟ್‌ವರೆಗೆ ಹೋಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಮ್ಯಾನೇಜರ್ ಹತ್ತಿರ ಮಾತಾಡುವುದೂ ಸುಲಭ.

ಅಡ್ಡಿಯಾಗಿರುವ ಲೈಬ್ರರಿಯ ಕೊನೆಯ ರಿಲೀಸ್ ನಾಲ್ಕು ವರ್ಷದ ಹಿಂದಿನದಾಗಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಬದಲಿ ಹುಡುಕಿ, ಇಲ್ಲವೇ ನಿಮಗೆ ಬೇಕಾದ ಎರಡು ಫಂಕ್ಷನ್ ನೀವೇ ಬರೆದುಕೊಳ್ಳಿ. ಅದು ಹೇಗಿದ್ದರೂ ಮಾಡಬೇಕಾದ ಕೆಲಸ, ಅಪ್‌ಗ್ರೇಡ್ ಇರಲಿ ಬಿಡಲಿ.

ಹಂತ 6: ದಾರಿಯಲ್ಲಿ ಏನೇನು ತೆಗೆದಿದ್ದಾರೆ ಓದಿ

ಪ್ರತಿ ವರ್ಷನ್ ಜೊತೆ ಹೊಸದೇನಿದೆ ಅನ್ನುವ ಒಂದು ಅಧಿಕೃತ ಪುಟ ಬರುತ್ತದೆ. ಅದರ ಮೇಲ್ಭಾಗವನ್ನು ಎಲ್ಲರೂ ಓದುತ್ತಾರೆ. ನಿಮಗೆ ಬೇಕಾದದ್ದು ಕೆಳಗಿರುವ ಎರಡು ಭಾಗ, ತೆಗೆದುಹಾಕಿದವು ಮತ್ತು ಪೋರ್ಟ್ ಮಾಡುವ ಬಗೆ. 3.9ರಿಂದ 3.13ಕ್ಕೆ ಹೋಗುವುದಾದರೆ ನಡುವಿನ ನಾಲ್ಕೂ ಪುಟ ಓದಬೇಕು. ಜನ ಹೆಚ್ಚಾಗಿ ಎಡವುವ ಜಾಗಗಳು ಇವು.

3.10ರಲ್ಲಿ ಮ್ಯಾಪಿಂಗ್, ಇಟರಬಲ್ ಥರದ ಹೆಸರುಗಳನ್ನು ಕಲೆಕ್ಷನ್ಸ್‌ನಿಂದ ನೇರವಾಗಿ ತರುವುದು ನಿಂತಿತು, ಕಲೆಕ್ಷನ್ಸ್ ಒಳಗಿನ ಎಬಿಸಿಯಿಂದ ತರಬೇಕು. ಇನ್ನೊಂದು ತೊಂದರೆ ಆ ಸಂಖ್ಯೆಯದೇ. ಸಿಐನ ಯಾಮಲ್ ಫೈಲ್‌ನಲ್ಲಿ ಕೋಟ್ ಹಾಕದೆ 3.10 ಅಂತ ಬರೆದರೆ ಅದು ದಶಮಾಂಶ ಸಂಖ್ಯೆಯಾಗಿ 3.1 ಆಗಿಬಿಡುತ್ತದೆ. ವರ್ಷನ್ ಹೆಸರಿನ ಮೊದಲ ಮೂರು ಅಕ್ಷರ ಕತ್ತರಿಸಿ ಹೋಲಿಸುವ ಹಳೆಯ ಸ್ಕ್ರಿಪ್ಟ್‌ಗಳಿಗೂ ಇದೇ ಗತಿ.

3.12 ಸ್ವಲ್ಪ ಕಠಿಣ. ಡಿಸ್ಟ್‌ಯುಟಿಲ್ಸ್ ಹೋಯಿತು, ಇಂಪ್ ಹೋಯಿತು, ಅಸಿಂಕೋರ್, ಅಸಿಂಕ್‌ಚಾಟ್, ಎಸ್‌ಎಂಟಿಪಿಡಿ ಹೋದವು. ಹೊಸ ವೆನ್ವ್‌ನಲ್ಲಿ (ಪ್ರಾಜೆಕ್ಟ್‌ಗೆ ಬೇರೆಯಾಗಿ ಮಾಡಿಕೊಳ್ಳುವ ಎನ್ವಿರಾನ್‌ಮೆಂಟ್) ಸೆಟಪ್‌ಟೂಲ್ಸ್ ತಾನಾಗಿ ಇರುವುದಿಲ್ಲ, ಹಾಗಾಗಿ ಅದನ್ನು ಹೇಳದೆ ನಂಬಿಕೊಂಡಿದ್ದ ಹಳೆಯ ಲೈಬ್ರರಿಗಳು ಇಂಪೋರ್ಟ್‌ನಲ್ಲೇ ನಿಲ್ಲುತ್ತವೆ. ಯುನಿಟ್‌ಟೆಸ್ಟ್‌ನ ಹಳೆಯ ಹೆಸರುಗಳು, ಕೊನೆಯಲ್ಲಿ ಎಸ್ ಇರುವ ಅಸರ್ಟ್‌ಈಕ್ವಲ್ಸ್ ಥರದವು, ಇಲ್ಲಿ ಕೊನೆಗೊಂಡವು. ಯುಟಿಸಿನೌ ಇನ್ನೂ ನಡೆಯುತ್ತದೆ, ಆದರೆ ಬಿಡಿ ಅಂತ ಎಚ್ಚರಿಕೆ ಕೊಡುತ್ತದೆ.

3.13ರಲ್ಲಿ ಹಳೆಯ 19 ಮಾಡ್ಯೂಲ್‌ಗಳನ್ನು ಒಟ್ಟಿಗೆ ತೆಗೆದರು. ಸಿಜಿಐ, ಟೆಲ್ನೆಟ್‌ಲಿಬ್, ಕ್ರಿಪ್ಟ್, ಪೈಪ್ಸ್, ಇಮೇಜ್ ಹೆಡರ್ ನೋಡುವ ಇಮ್‌ಜಿಎಚ್‌ಡಿಆರ್ ಎಲ್ಲ ಅದರಲ್ಲಿವೆ. ನೆಟ್‌ವರ್ಕ್ ಟೀಮಿನವರು ರೌಟರ್, ಸ್ವಿಚ್‌ಗಳ ಜೊತೆ ಮಾತಾಡಲು ಟೆಲ್ನೆಟ್‌ಲಿಬ್ ಬಳಸಿರುವ ಸಾಧ್ಯತೆ ಜಾಸ್ತಿ, ಅವರನ್ನು ಕೇಳಿ. ಆದರೆ 3.13ರಲ್ಲಿ ನನಗೆ ಜಾಸ್ತಿ ಆತಂಕ ತರುವುದು ಬೇರೆ ಬದಲಾವಣೆ. ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗಳನ್ನು ಮಾಮೂಲಿಯಾಗಿಯೇ ಹೆಚ್ಚು ಕಟ್ಟುನಿಟ್ಟಾಗಿ ನೋಡಲು ಶುರುಮಾಡಿತು. ಹೊರಗಿನ ವೆಬ್‌ಸೈಟ್‌ಗಳಿಗೆ ತೊಂದರೆ ಇಲ್ಲ. ಕಂಪನಿ ಒಳಗೇ ಮಾಡಿಕೊಂಡ ಹಳೆಯ ಸರ್ಟಿಫಿಕೇಟ್‌ಗಳಲ್ಲಿ ಇರಬೇಕಾದ ಒಂದೆರಡು ಅಂಶ ಇಲ್ಲದಿದ್ದರೆ, ನಿನ್ನೆಯವರೆಗೆ ನಡೆಯುತ್ತಿದ್ದ ಒಳಗಿನ ಎಪಿಐ ಕರೆಗಳು ಇವತ್ತು ನಿರಾಕರಣೆ ಆಗುತ್ತವೆ. ಟೆಸ್ಟ್‌ಗಳಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ನಿಜವಾದ ಸಂಪರ್ಕವೇ ಇರುವುದಿಲ್ಲ. ಸರಿಪಡಿಸಬೇಕಾದದ್ದು ಸರ್ಟಿಫಿಕೇಟ್ ಅನ್ನು, ಪರಿಶೀಲನೆಯನ್ನೇ ಆಫ್ ಮಾಡಿ ಕೈತೊಳೆದುಕೊಳ್ಳಬೇಡಿ.

3.14ರಲ್ಲಿ ಲಿನಕ್ಸ್ ಮೇಲೆ ಮಲ್ಟಿಪ್ರೊಸೆಸಿಂಗ್ ಶುರುವಾಗುವ ಬಗೆ ಬದಲಾಗಿದೆ, ಫೋರ್ಕ್ ಬದಲು ಫೋರ್ಕ್‌ಸರ್ವರ್. ತಾಯಿ ಪ್ರೊಸೆಸ್‌ನ ಗ್ಲೋಬಲ್ ವೇರಿಯಬಲ್‌ಗಳು ಮಕ್ಕಳಿಗೂ ಹಾಗೇ ಸಿಗುತ್ತವೆ ಅಂತ ನಂಬಿ ಬರೆದ ಕೋಡ್ ಇದ್ದರೆ ಇಲ್ಲಿ ಕೆಡುತ್ತದೆ.

ಈ ಹೆಸರುಗಳನ್ನೆಲ್ಲ ನಿಮ್ಮ ಕೋಡ್‌ನಲ್ಲಿ ಗ್ರೆಪ್ ಮಾಡಿ. ಅರ್ಧ ಗಂಟೆಯ ಕೆಲಸ, ಅಷ್ಟರಲ್ಲಿ ಗಾತ್ರದ ಅಂದಾಜು ಸಿಕ್ಕಿಬಿಡುತ್ತದೆ.

ಹಂತ 7: ಹಳೆಯ ವರ್ಷನ್‌ನಲ್ಲೇ ಎಚ್ಚರಿಕೆಗಳನ್ನು ಕೇಳಿಸಿಕೊಳ್ಳಿ

ಪೈಥಾನ್ ಸಾಮಾನ್ಯವಾಗಿ ಯಾವುದನ್ನೂ ಒಂದೇ ಸಲಕ್ಕೆ ತೆಗೆಯುವುದಿಲ್ಲ, ಕನಿಷ್ಠ ಎರಡು ವರ್ಷನ್‌ಗಳ ಕಾಲ ಡೆಪ್ರಿಕೇಶನ್ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಗಳನ್ನು ಮಾಮೂಲಿಯಾಗಿ ಬಚ್ಚಿಟ್ಟಿರುತ್ತಾರೆ, ಹಾಗಾಗಿ ನಾವು ನೋಡಿರುವುದಿಲ್ಲ. ಪೈಟೆಸ್ಟ್‌ನಲ್ಲಿ ಡೆಪ್ರಿಕೇಶನ್ ಎಚ್ಚರಿಕೆಯನ್ನು ಎರರ್ ಅಂತಲೇ ತೆಗೆದುಕೊಳ್ಳುವ ಹಾಗೆ ಸೆಟ್ ಮಾಡಿ, ಈಗಿನ ವರ್ಷನ್‌ನಲ್ಲೇ ಟೆಸ್ಟ್ ಓಡಿಸಿ. ಬಂದದ್ದನ್ನು ಈಗಲೇ ಸರಿಮಾಡಿ. ಇದರ ಚಂದ ಏನೆಂದರೆ, ಈ ತಿದ್ದುಪಡಿಗಳು ಹಳೆಯದರಲ್ಲೂ ನಡೆಯುತ್ತವೆ, ಹೊಸದರಲ್ಲೂ ನಡೆಯುತ್ತವೆ. ಅಪ್‌ಗ್ರೇಡ್‌ಗೆ ಹೋಗದೇ ಇದ್ದರೂ ನಷ್ಟ ಇಲ್ಲ.

ವಿಂಡೋಸ್‌ನಲ್ಲಿ ಕನ್ನಡ ಫೈಲ್‌ಗಳನ್ನು ಓದುವವರು ಇದರ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಿ. ಎನ್‌ಕೋಡಿಂಗ್ ಹೇಳದೆ ಫೈಲ್ ತೆರೆದರೆ ಅಲ್ಲಿ ಯುಟಿಎಫ್-8 ಬರುವುದಿಲ್ಲ, ವಿಂಡೋಸ್‌ನ ಹಳೆಯ ಕೋಡ್‌ಪೇಜ್ ಬರುತ್ತದೆ, ಕನ್ನಡ ಬರೆಯಲು ಹೋದರೆ ಎರರ್. 3.15ರಿಂದ ಯುಟಿಎಫ್-8 ಅನ್ನೇ ಮಾಮೂಲು ಮಾಡುವ ತೀರ್ಮಾನ ಆಗಿದೆ. 3.10ರಿಂದಲೇ ಎಲ್ಲೆಲ್ಲಿ ಎನ್‌ಕೋಡಿಂಗ್ ಬಿಟ್ಟಿದ್ದೀರಿ ಅಂತ ತೋರಿಸುವ ಒಂದು ಎಚ್ಚರಿಕೆ ಇದೆ, ಕೇಳಿದರೆ ಮಾತ್ರ ಬರುತ್ತದೆ. ಅದನ್ನು ಆನ್ ಮಾಡಿ, ಬಿಟ್ಟ ಕಡೆಯಲ್ಲೆಲ್ಲ ಯುಟಿಎಫ್-8 ಅಂತ ಸೇರಿಸಿಬಿಡಿ.

ಟೆಸ್ಟೇ ಇಲ್ಲದಿದ್ದರೆ? ಆಗ ಮೊದಲ ಕೆಲಸ ಅದೇ. ನೂರಾರು ಬರೆಯಬೇಕಾಗಿಲ್ಲ. ದುಡ್ಡು ಓಡಾಡುವ ದಾರಿ, ಲಾಗಿನ್, ದಿನದ ರಿಪೋರ್ಟ್, ಇಷ್ಟನ್ನು ಮೊದಲಿಂದ ಕೊನೆವರೆಗೆ ಓಡಿಸಿ ಉತ್ತರ ಹೋಲಿಸುವ ನಾಲ್ಕಾರು ಟೆಸ್ಟ್ ಸಾಕು. ಅದೂ ಇಲ್ಲದೆ ಅಪ್‌ಗ್ರೇಡ್‌ಗೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ.

ಹಂತ 8: ನಿರ್ಧರಿಸಿ, ತಾರೀಕು ಬರೆಯಿರಿ

ಇಷ್ಟಾದ ಮೇಲೆ ಉತ್ತರ ಮೂರರಲ್ಲಿ ಒಂದು: ಹೋಗುತ್ತೇವೆ, ಇಂಥದ್ದಕ್ಕಾಗಿ ಕಾಯುತ್ತೇವೆ, ಹೋಗುವುದಿಲ್ಲ. ಮೂರೂ ಸರಿಯಾದ ಉತ್ತರಗಳೇ, ಪಕ್ಕದಲ್ಲಿ ತಾರೀಕು ಇದ್ದರೆ. "ಇಂಥ ಲೈಬ್ರರಿಯ ವೀಲ್ ಬರಲಿ, ಮಾರ್ಚ್‌ನಲ್ಲಿ ಮತ್ತೆ ನೋಡೋಣ" ಅನ್ನುವುದು ನಿರ್ಧಾರ. "ನೋಡೋಣ" ಅನ್ನುವುದು ನಿರ್ಧಾರ ಅಲ್ಲ, ಅಲ್ವಾ?

ಹೋಗದಿರುವುದೇ ಸರಿಯಾದ ಸಂದರ್ಭಗಳೂ ಇವೆ. ಈ ವರ್ಷವೇ ಮುಚ್ಚಲಿರುವ ಸಿಸ್ಟಮ್. ಇಂಟರ್ನೆಟ್ ಸಂಪರ್ಕವೇ ಇಲ್ಲದೆ ಲ್ಯಾಬ್‌ನಲ್ಲಿ ಒಂದು ಯಂತ್ರ ನಡೆಸುವ ಪ್ರೋಗ್ರಾಮ್. ಪಿಎಚ್‌ಡಿ ಪ್ರಬಂಧದ ಲೆಕ್ಕ ಅರ್ಧಕ್ಕೆ ಬಂದಿರುವಾಗ ವರ್ಷನ್ ಬದಲಾಯಿಸಿ ಉತ್ತರದಲ್ಲಿ ದಶಮಾಂಶದ ವ್ಯತ್ಯಾಸ ಬಂದರೆ ಯಾರಿಗೆ ಬೇಕು ಆ ಸಂಕಟ. ಪ್ರಬಂಧ ಕೊಟ್ಟ ಮೇಲೆ ಮಾಡಿ.

ಯಾವುದಕ್ಕೆ ಹೋಗಬೇಕು? ನಾನು ಲೇಟೆಸ್ಟ್‌ಗಿಂತ ಒಂದು ಹಿಂದಿನದನ್ನು ಆರಿಸುತ್ತೇನೆ. 3.14 ಬಂದಿರುವಾಗ 3.13. ಅದಕ್ಕೆ ವೀಲ್‌ಗಳು ಬಂದಾಗಿರುತ್ತವೆ, ಮೊದಲ ಕೆಲವು ಬಗ್‌ಗಳು ಸರಿಹೋಗಿರುತ್ತವೆ, ಇನ್ನೂ ಸುಮಾರು ನಾಲ್ಕು ವರ್ಷ ಉಳಿದಿರುತ್ತದೆ. 3.9ರಿಂದ ಹೊರಟವರು 3.10ಕ್ಕೆ ಬಂದು ನಿಲ್ಲುವುದರಲ್ಲಿ ಲಾಭವೇ ಇಲ್ಲ, 2026ರ ಅಕ್ಟೋಬರ್‌ಗೇ ಅದರ ಆಯಸ್ಸು ಮುಗಿದು ಮತ್ತೆ ಹೊರಡಬೇಕು. ಒಂದೊಂದೇ ವರ್ಷನ್ ಹತ್ತುವ ಅಗತ್ಯವೂ ಇಲ್ಲ. ನಡುವಿನ ಪುಟಗಳನ್ನು ಓದಿದ್ದರೆ ನೇರವಾಗಿ ಹಾರಬಹುದು.

ಹಂತ 9: ಹಾಕುವಾಗ ಹಿಂದೆ ಬರುವ ದಾರಿ ತೆರೆದಿಡಿ

ಪೈಥಾನ್ ಬದಲಾವಣೆಯನ್ನೂ ಜ್ಯಾಂಗೊ ಬದಲಾವಣೆಯನ್ನೂ ಒಂದೇ ದಿನ ಹಾಕಬೇಡಿ. ಮೊದಲು ಎರಡೂ ಪೈಥಾನ್‌ಗೆ ಹೊಂದುವ ಲೈಬ್ರರಿ ವರ್ಷನ್‌ಗಳನ್ನು ಹಳೆಯ ಪೈಥಾನ್ ಮೇಲೆಯೇ ಪ್ರೊಡಕ್ಷನ್‌ಗೆ ಕಳಿಸಿ. ಜ್ಯಾಂಗೊ 4.2 ಪೈಥಾನ್ 3.8ರಿಂದ 3.12ರವರೆಗೆ ನಡೆಯುತ್ತದೆ, 3.12ಕ್ಕೆ 4.2.8 ಅಥವಾ ಮೇಲಿನದು ಬೇಕು. ಹಾಗಾಗಿ ಹಳೆಯ ಪೈಥಾನ್ ಮೇಲೆ ಜ್ಯಾಂಗೊ ಓಡಿಸುತ್ತಿರುವ ಟೀಮ್ ಮೊದಲು 4.2ರಲ್ಲಿ ನಿಂತು ಪೈಥಾನ್ ಅನ್ನು 3.12ಕ್ಕೆ ಏರಿಸಿ, ಆಮೇಲೆ ಜ್ಯಾಂಗೊ ಏರಿಸಬಹುದು. ಎರಡೂ ವರ್ಷನ್‌ಗೆ ಹೊಂದುವ ಇಂಥ ನಡುವಿನ ನಿಲ್ದಾಣ ಸಿಕ್ಕರೆ ಕೆಲಸ ಬಹಳ ಹಗುರ, ಆಗ ಲೇಟೆಸ್ಟ್‌ಗಿಂತ ಒಂದು ಹಿಂದೆ ಅನ್ನುವ ನನ್ನ ಲೆಕ್ಕವನ್ನೂ ಪಕ್ಕಕ್ಕಿಡಬಹುದು.

ಪೈಥಾನ್ ಅನ್ನು ಮೊದಲು ಒಂದೇ ಸರ್ವರ್‌ಗೆ, ಇಲ್ಲವೇ ಯಾರಿಗೂ ತಕ್ಷಣ ತಟ್ಟದ ಒಂದು ಬ್ಯಾಕ್‌ಗ್ರೌಂಡ್ ಕೆಲಸಕ್ಕೆ ಹಾಕಿ. ಮೆಮೊರಿ, ಉತ್ತರ ಬರುವ ಸಮಯ, ಎರರ್ ಎಣಿಕೆ ನೋಡಿ. ಹಳೆಯ ಇಮೇಜ್ ಅಳಿಸಬೇಡಿ. ಎರಡೂ ವರ್ಷನ್ ಒಟ್ಟಿಗೆ ಓಡುವಾಗ ಕ್ಯಾಶ್ ಅಥವಾ ಕ್ಯೂ ಒಳಗೆ ಪಿಕಲ್ ಮಾಡಿದ ಡೇಟಾ ಹಂಚಿಕೊಳ್ಳುತ್ತಿದ್ದರೆ ಒಂದು ಬರೆದದ್ದನ್ನು ಇನ್ನೊಂದು ಓದುತ್ತದಾ ಅಂತ ಮೊದಲೇ ಪರೀಕ್ಷಿಸಿ. ಜೇಸನ್ ಆದರೆ ಈ ಚಿಂತೆ ಇಲ್ಲ.

ಮತ್ತೆ, ಹೊಸ ಸಿಂಟ್ಯಾಕ್ಸ್ ಬಳಸುವ ಆಸೆಯನ್ನು ಎರಡು ಮೂರು ವಾರ ತಡೆಹಿಡಿಯಿರಿ. 3.12ರ ಹೊಸ ಎಫ್-ಸ್ಟ್ರಿಂಗ್ ಬರವಣಿಗೆಯೋ, ಹೊಸ ಟೈಪ್ ಬರವಣಿಗೆಯೋ ಒಂದು ಫೈಲ್‌ಗೆ ನುಗ್ಗಿತು ಅಂದರೆ ಹಳೆಯ ವರ್ಷನ್‌ಗೆ ಮರಳುವ ದಾರಿ ಮುಚ್ಚಿತು. ಎಲ್ಲ ನೆಲೆಯಾದ ಮೇಲೆ ರಫ್ ಅಥವಾ ಪೈಅಪ್‌ಗ್ರೇಡ್ ಓಡಿಸಿದರೆ ಹಳೆಯ ಬರವಣಿಗೆಯನ್ನು ಅದೇ ತಿದ್ದಿಕೊಡುತ್ತದೆ. ಅದನ್ನು ಬೇರೆಯದೇ ಕಮಿಟ್ ಮಾಡಿ, ಬೇರೆ ಏನನ್ನೂ ಅದರಲ್ಲಿ ಸೇರಿಸಬೇಡಿ.

ಕೊನೆಯದಾಗಿ ಸಿಐನಲ್ಲಿ ಮುಂದಿನ ವರ್ಷನ್‌ಗೆ ಒಂದು ಕೆಲಸ ಸೇರಿಸಿ, ಅದು ಫೇಲ್ ಆದರೂ ಬಿಲ್ಡ್ ನಿಲ್ಲದ ಹಾಗೆ ಇಡಿ. ಪೈಥಾನ್‌ನ ಬೀಟಾಗಳು ಮೇ ತಿಂಗಳಿಂದ ಬರುತ್ತವೆ, ರಿಲೀಸ್ ಕ್ಯಾಂಡಿಡೇಟ್ ಬರುವುದು ಸುಮಾರು ಜುಲೈ ಕೊನೆ, ಆಗಸ್ಟ್ ಹೊತ್ತಿಗೆ. ಆಗ ನಿಮ್ಮ ಕೋಡ್ ಕೆಟ್ಟರೆ, ಮತ್ತು ತಪ್ಪು ನಿಮ್ಮದಲ್ಲ ಪೈಥಾನ್‌ನದ್ದೇ ಅಂತ ಅನ್ನಿಸಿದರೆ, ಪೈಥಾನ್‌ನ ಗಿಟ್‌ಹಬ್‌ನಲ್ಲಿ ಸಣ್ಣ ಉದಾಹರಣೆ ಸಮೇತ ಒಂದು ಇಶ್ಯೂ ಹಾಕಿ. ಅಕ್ಟೋಬರ್‌ಗೆ ಮುಂಚೆ ಹೇಳಿದ್ದನ್ನು ಸರಿಮಾಡಲು ಅವರ ಕೈಯಲ್ಲಿ ಇನ್ನೂ ಸಮಯ ಇರುತ್ತದೆ.